ರೊಟ್ಟಿಗೆ ಕೊರತೆಯಿಲ್ಲ, ಪಲ್ಯ ಸಾಲುತ್ತಿಲ್ಲವೇ? ಸಸ್ಯಾಹಾರಿ ಮನೆಯ ದಿನನಿತ್ಯದ ಊಟದ ಬಗ್ಗೆ ಸಲಹೆ ಬೇಕು

ಪ್ರಶ್ನೆ ಕೇಳಿದವರು: ಗುಮ್ಮಟದ ನೆರಳು, ವಿಜಯಪುರ

ಎಲ್ಲರಿಗೂ ನಮಸ್ಕಾರ. ನಾನು ವಿಜಯಪುರದ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದೇನೆ. ವಯಸ್ಸು 46, ತೂಕ 65 ಕಿಲೋ. ಹೆಂಡತಿ ಶಾಲೆಯಲ್ಲಿ ಕೆಲಸ ಮಾಡುತ್ತಾಳೆ, ಎಪ್ಪತ್ತು ದಾಟಿದ ತಾಯಿ ನಮ್ಮೊಡನೆ ಇದ್ದಾರೆ, ಮಗ ಎಂಟನೆಯ ತರಗತಿಯಲ್ಲಿದ್ದಾನೆ, ಮಗಳು ಬೆಳಗಾವಿಯ ಹಾಸ್ಟೆಲಿನಲ್ಲಿದ್ದು ಪಿಯುಸಿ ಓದುತ್ತಿದ್ದಾಳೆ. ನಮ್ಮದು ತಲೆಮಾರುಗಳಿಂದ ಸಸ್ಯಾಹಾರಿ ಮನೆತನ, ಮೊಟ್ಟೆಯೂ ಒಳಗೆ ಬಂದಿಲ್ಲ.

ಕಳೆದ ತಿಂಗಳು ಎರಡೂ ಕಾಲುಗಳ ಬೆರಳಿನಲ್ಲಿ ಜುಮು ಹಿಡಿದಂತಾಗಿ ರಕ್ತ ಪರೀಕ್ಷೆ ಮಾಡಿಸಿದೆ. ಬಿ12 ಜೀವಸತ್ವ 148 ಪಿಕೋಗ್ರಾಂ ಇದೆ, ಮೂರು ತಿಂಗಳ ಸರಾಸರಿ ಸಕ್ಕರೆ 6.1 ಬಂದಿದೆ. ಜೊತೆಗೆ ಬಂದಿದ್ದ ಹೆಂಡತಿಯದನ್ನೂ ನೋಡಿಸಿದರೆ ಹಿಮೋಗ್ಲೋಬಿನ್ 9.8 ಮಾತ್ರ. ವೈದ್ಯರು ಇಬ್ಬರಿಗೂ ಮಾತ್ರೆ ಬರೆದುಕೊಟ್ಟು, "ಸಮತೋಲನ ಆಹಾರ ತಗೊಳ್ರಿ, ಪ್ರೋಟೀನ್ ಹೆಚ್ಚು ಮಾಡ್ರಿ" ಎಂದು ಹೇಳಿ ಅಚ್ಚು ಹಾಕಿಸಿದ ಹಾಳೆಯೊಂದನ್ನು ಕೈಗಿತ್ತರು. ಅದರಲ್ಲಿ ಓಟ್ಸ್, ಬ್ರೊಕೊಲಿ, ಕಿನೋವಾ, ಬಾದಾಮಿ ಮತ್ತು ಎರಡು ಮೊಟ್ಟೆಯ ಬಿಳಿಭಾಗ ಎಂದಿತ್ತು. ನಾವು ಸಸ್ಯಾಹಾರಿಗಳೆಂದು ತಿಳಿಸಿದ ಮೇಲೆ ಮೊಟ್ಟೆಯ ಮೇಲೆ ಪೆನ್ನಿನಿಂದ ಗೀಟು ಹೊಡೆದರೇ ಹೊರತು ಆ ಜಾಗದಲ್ಲಿ ಏನು ತಿನ್ನಬೇಕೆಂದು ಬರೆಯಲಿಲ್ಲ.

ನಮ್ಮ ದಿನದ ಊಟವನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಬೆಳಿಗ್ಗೆ ಚಹಾ, ಒಗ್ಗರಣೆ ಅವಲಕ್ಕಿ ಅಥವಾ ಉಪ್ಪಿಟ್ಟು. ಮಧ್ಯಾಹ್ನದ ಡಬ್ಬಿಯಲ್ಲಿ ಮೂರು ಜೋಳದ ರೊಟ್ಟಿ, ಮೂಲೆಯಲ್ಲಿ ಎರಡು ಚಮಚ ಬದನೆಕಾಯಿ ಅಥವಾ ಆಲೂಗಡ್ಡೆ ಪಲ್ಯ, ಶೇಂಗಾ ಹಿಂಡಿ (ಚಟ್ನಿಪುಡಿ). ಸಂಜೆ ಚಹಾ ಮತ್ತು ಚುರುಮರಿ, ವಾರಕ್ಕೆರಡು ಸಲ ಮಿರ್ಚಿ ಭಜಿ. ರಾತ್ರಿ ಒಂದು ರೊಟ್ಟಿ, ಅನ್ನ, ತಿಳಿಸಾರು, ಕಡೆಗೆ ಮಜ್ಜಿಗೆ. ಐದು ಜನರ ಲೆಕ್ಕದಲ್ಲಿ ನಡೆಯುತ್ತಿದ್ದ ಎಣ್ಣೆ ಈಗ ನಾಲ್ವರಿಗೂ ತಿಂಗಳಿಗೆ ಆರು ಲೀಟರು ಬೇಕಾಗುತ್ತಿದೆ.

ನನ್ನ ಪ್ರಶ್ನೆ ಇಷ್ಟೇ: ಸೂಪರ್ ಮಾರ್ಕೆಟಿನ ಡಬ್ಬಗಳನ್ನು ತರದೆ, ನಮ್ಮ ಪೇಟೆಯಲ್ಲಿ ಸಿಗುವ ಕಾಳುಕಡಿ, ಸೊಪ್ಪು, ಹೈನದಿಂದಲೇ ಈ ಊಟವನ್ನು ಸರಿಪಡಿಸಲು ಬರುತ್ತದೆಯೇ? ಬರುವುದಾದರೆ ಯಾವುದು ಎಷ್ಟು ಬೇಕು? ಬೆಳಿಗ್ಗೆ ಎಂಟೂವರೆಗೆ ಇಬ್ಬರೂ ಮನೆ ಬಿಡುವವರು ಎಂಬುದನ್ನು ಗಮನದಲ್ಲಿಟ್ಟು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1: ನಿವೃತ್ತ ಶಿಕ್ಷಕಿ, ನವನಗರ, ಬಾಗಲಕೋಟೆ

ತಮ್ಮಾ, ಇಷ್ಟು ವಿವರವಾಗಿ ಬರೆದದ್ದು ಒಳ್ಳೆಯದಾಯಿತು. "ನಮ್ಮದು ಎಲ್ಲ ಮನೆ ಊಟಾನೇ ರೀ" ಎಂದು ಹೇಳಿ ಮುಗಿಸುವವರೇ ಹೆಚ್ಚು, ಹಾಗೆ ಹೇಳಿದರೆ ಲೆಕ್ಕ ಹಾಕಲು ಏನೂ ಸಿಗುವುದಿಲ್ಲ. ನಾನು ಇಪ್ಪತ್ತೆಂಟು ವರ್ಷ ಗೃಹವಿಜ್ಞಾನ ಕಲಿಸಿದವಳು, ತಕ್ಕಡಿ ಹಿಡಿಯದೆ ಮಾತನಾಡುವ ಅಭ್ಯಾಸ ನನಗಿಲ್ಲ. ನಿನ್ನೆ ಎಸರು ಹಾಕಿ ನಾದುವ ಮುನ್ನ ಹಿಟ್ಟನ್ನು ತೂಗಿ ನೋಡಿದೆ: 480 ಗ್ರಾಂ ಜೋಳದ ಹಿಟ್ಟಿಗೆ ಎಂಟು ರೊಟ್ಟಿಗಳಾದವು, ಎಂದರೆ ರೊಟ್ಟಿಗೆ 60 ಗ್ರಾಂ. ಜೋಳದಲ್ಲಿ ನೂರಕ್ಕೆ ಸುಮಾರು 10 ಪಾಲು ಪ್ರೋಟೀನ್ ಇರುವುದರಿಂದ ಒಂದು ರೊಟ್ಟಿಗೆ 6 ಗ್ರಾಂ ಬಂತು.

ಈಗ ನಿಮ್ಮ ಗಂಗಾಳಕ್ಕೆ ಬರೋಣ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಲೆಕ್ಕದಂತೆ ವಯಸ್ಕರಿಗೆ ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ 0.83 ಗ್ರಾಂ ಪ್ರೋಟೀನ್ ಬೇಕು, ಎಂದರೆ ನಿಮಗೆ 54 ಗ್ರಾಂ. ನಾಲ್ಕು ರೊಟ್ಟಿಯಿಂದ 24, ಅವಲಕ್ಕಿ ಮತ್ತು ಅನ್ನದಿಂದ 8 ಅಥವಾ 9, ತಲೆಗೆ ಹತ್ತು ಗ್ರಾಂ ಬೇಳೆಯೂ ಬೀಳದ ತಿಳಿಸಾರಿನಿಂದ 2, ಹಿಂಡಿಯಿಂದ 2, ಚಹಾದ ಹಾಲು ಮತ್ತು ಮಜ್ಜಿಗೆಯಿಂದ 4 ಎಂದು ಹಿಡಿದರೂ ನಲವತ್ತೊಂದರ ಆಸುಪಾಸಿಗೆ ನಿಲ್ಲುತ್ತದೆ. ಹದಿಮೂರು ಗ್ರಾಂ ಕೊರತೆ ಎಂದರೆ ಮನೆ ಮುಳುಗುವಂಥದ್ದೇನೂ ಅಲ್ಲ. ಆದರೆ ನಿಮ್ಮ ಪ್ರೋಟೀನಿನ ಮುಕ್ಕಾಲು ಪಾಲಿಗಿಂತ ಹೆಚ್ಚು ಧಾನ್ಯದಿಂದಲೇ ಬರುತ್ತಿದೆ ಎಂಬುದು ನಿಜವಾದ ತೊಡಕು. ಜೋಳ, ಅಕ್ಕಿ, ಗೋದಿ ಇವೆಲ್ಲದರಲ್ಲೂ ಲೈಸಿನ್ ಎಂಬ ಅಮೈನೋ ಆಮ್ಲ (ಪ್ರೋಟೀನ್ ಕಟ್ಟುವ ಇಟ್ಟಿಗೆಗಳಲ್ಲೊಂದು) ಕಡಿಮೆ, ಕಾಳು ಮತ್ತು ಬೇಳೆಯಲ್ಲಿ ಅದು ಧಾರಾಳ. ರೊಟ್ಟಿಗೆ ಕಾಳುಪಲ್ಯ ಜೊತೆಯಾದಾಗ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಎರಡೂ ಒಂದೇ ತುತ್ತಿನಲ್ಲಿ ಇರಲೇಬೇಕೆಂದಿಲ್ಲ, ದಿನದ ಊಟದಲ್ಲಿ ಸೇರಿದರೆ ಸಾಕು.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು 2024ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ 2000 ಕಿಲೋಕ್ಯಾಲರಿಯ ದಿನದೂಟಕ್ಕೆ ಧಾನ್ಯ 250 ಗ್ರಾಂ, ಕಾಳುಬೇಳೆ 85 ಗ್ರಾಂ, ಸೊಪ್ಪು ಸೇರಿ ತರಕಾರಿ 400 ಗ್ರಾಂ, ಹಣ್ಣು 100 ಗ್ರಾಂ, ಶೇಂಗಾ ಎಳ್ಳಿನಂಥ ಬೀಜಗಳು 35 ಗ್ರಾಂ, ಹಾಲು ಅಥವಾ ಮೊಸರು 300 ಮಿಲಿ, ಎಣ್ಣೆ 27 ಗ್ರಾಂ ಎಂದು ಹೇಳಿದ್ದಾರೆ. ಇವೆಲ್ಲ ಬೇಯಿಸುವ ಮುನ್ನಿನ ತೂಕಗಳು. ಇದನ್ನು ನಿಮ್ಮ ಡಬ್ಬಿಯ ಪಕ್ಕದಲ್ಲಿಟ್ಟು ನೋಡಿ. ಧಾನ್ಯ ಅವರು ಹೇಳಿದ್ದಕ್ಕಿಂತ ಹೆಚ್ಚಿದೆ, ಎಣ್ಣೆ ಬಹಳ ಹೆಚ್ಚಿದೆ, ಕಾಳು ಹತ್ತು ಗ್ರಾಂ ಇಲ್ಲ, ತರಕಾರಿ ನೂರು ಗ್ರಾಂ ದಾಟಿರಲಾರದು. ಹೀಗಿರುವಾಗ ಓಟ್ಸ್ ತರುವುದೆಂದರೆ ಹೆಚ್ಚಾಗಿರುವ ಧಾನ್ಯಕ್ಕೇ ಇನ್ನೊಂದು ಧಾನ್ಯವನ್ನು ಸೇರಿಸಿದಂತೆ.

ನನ್ನ ಸಲಹೆ ಹೀಗಿದೆ. ನಾಲ್ಕು ರೊಟ್ಟಿಯಲ್ಲಿ ಒಂದನ್ನು ಬಿಡಿ. ಮಧ್ಯಾಹ್ನ ತಲೆಗೆ 45 ಗ್ರಾಂ ಒಣಕಾಳಿನ ಪಲ್ಯ ಇರಲಿ. ಹೆಸರು, ಮಡಕಿ, ಅಲಸಂದಿ, ಹುರುಳಿ, ಕಡಲೆ ಯಾವುದಾದರೂ ಸರಿ, ಅದರಿಂದ 10 ಗ್ರಾಂ ಪ್ರೋಟೀನ್ ಬರುತ್ತದೆ. ಸಾರಿಗೆ ತಲೆಗೆ 30 ಗ್ರಾಂ ಬೇಳೆ ಹಾಕಿ ಗಟ್ಟಿ ಮಾಡಿದರೆ ಇನ್ನೊಂದು 4 ಗ್ರಾಂ ಸೇರುತ್ತದೆ. ಒಂದು ದೊಡ್ಡ ವಾಟಿ ಗಟ್ಟಿ ಮೊಸರು ಮತ್ತು ಒಂದು ಹಿಡಿ ಶೇಂಗಾ ಸೇರಿದರೆ, ಬಿಟ್ಟ ರೊಟ್ಟಿಯ ಆರು ಗ್ರಾಂ ಕಳೆದರೂ ಲೆಕ್ಕ ಸರಿಹೋಗುತ್ತದೆ. ಪ್ರೋಟೀನ್ ಪುಡಿಯ ಡಬ್ಬ ನಿಮಗೆ ಬೇಡ.

ಇದು ಹೊಸದೇನೂ ಅಲ್ಲ ಎಂಬುದು ನಿಮಗೇ ಗೊತ್ತು. ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ಹೊರಟ ಬುಟ್ಟಿಯನ್ನು ನೆನಪಿಸಿಕೊಳ್ಳಿ: ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಕಾಳುಪಲ್ಯ, ಪುಂಡಿಪಲ್ಯ, ಬದನೆಕಾಯಿ, ಹಿಂಡಿ, ಮೊಸರು, ಹಸಿ ಉಳ್ಳಾಗಡ್ಡಿ, ಹಸಿ ಮೆಂತ್ಯೆ. ಬಾದಾಮಿಯ ಬನಶಂಕರಿ ಗುಡಿಯ ಮುಂದೆ ಬುಟ್ಟಿ ಹೊತ್ತ ಹೆಣ್ಣುಮಕ್ಕಳು ಇಂದಿಗೂ ಹೆಚ್ಚುಕಡಿಮೆ ಅದೇ ಊಟವನ್ನು ಬಡಿಸುತ್ತಾರೆ. ಆ ಬುಟ್ಟಿಯಿಂದ ರೊಟ್ಟಿಯನ್ನೂ ಹಿಂಡಿಯನ್ನೂ ಮಾತ್ರ ಎತ್ತಿಕೊಂಡು ನಿತ್ಯದ ಊಟ ಮಾಡಿಕೊಂಡು, ಉಳಿದದ್ದನ್ನು ನಾವು ಹಬ್ಬಕ್ಕೆ ಬಿಟ್ಟೆವು.

ಎಣ್ಣೆಯ ಲೆಕ್ಕವನ್ನೂ ಕೇಳಿ. ದಿನಕ್ಕೆ 27 ಗ್ರಾಂನಂತೆ ನಾಲ್ವರಿಗೆ ತಿಂಗಳಿಗೆ ಸುಮಾರು ಮೂರೂವರೆ ಲೀಟರು ಆಗುತ್ತದೆ. ನೀವು ಆರು ಎನ್ನುತ್ತೀರಿ. ಮಿರ್ಚಿ ಭಜಿಯ ಮೇಲೆ ಪೂರ್ತಿ ತಪ್ಪು ಹೊರಿಸಬೇಡಿ, ಎಣ್ಣೆ ತೇಲುವ ಬದನೆಕಾಯಿ ಪಲ್ಯದಲ್ಲೂ ಅದು ಅಡಗಿದೆ.

ಉತ್ತರ 2: ಘಟಪ್ರಭೆಯ ದಂಡೆ, ಗೋಕಾಕ

ಅಕ್ಕಾವರ ಲೆಕ್ಕಕ್ಕೆ ನಾನು ಎದುರಾಡುವುದಿಲ್ಲ, ಅದು ಸರಿಯಾಗಿಯೇ ಇದೆ. ಆದರೆ ಕಾಳುಪಲ್ಯ, ಸೊಪ್ಪಿನ ಪಲ್ಯ, ಗಟ್ಟಿ ಸಾರು, ಮೊಸರು ಎಂದು ಬರೆದಾಗ ಅದನ್ನೆಲ್ಲ ಮಾಡುವವರು ಯಾರು ಎಂಬ ಮಾತನ್ನು ಇಲ್ಲಿ ಯಾರೂ ಎತ್ತಲಿಲ್ಲ. ಹಿಮೋಗ್ಲೋಬಿನ್ 9.8 ಇರುವ ಹೆಣ್ಣುಮಗಳು ಬೆಳಗಿನ ಐದಕ್ಕೆ ಎದ್ದು ಹದಿನೈದು ರೊಟ್ಟಿ ಬಡಿಯುತ್ತಿರಬೇಕು ಎಂದು ನನ್ನ ಅಂದಾಜು. ಅಣ್ಣಾವರೇ, ಹೌದೋ ಅಲ್ಲವೋ ನೀವೇ ಹೇಳಿ.

ನಾನೂ ನೌಕರಿಗೆ ಹೋಗುವವಳು. ಏಳೂ ನಲವತ್ತರ ಬಸ್ಸು ಹಿಡಿಯಬೇಕು. ಹತ್ತು ವರ್ಷ ಬೆಳಗಿನ ಒಂದೂಕಾಲು ಗಂಟೆಯನ್ನು ರೊಟ್ಟಿಗೇ ಕೊಟ್ಟು, ಉಳಿದ ಹತ್ತು ನಿಮಿಷದಲ್ಲಿ ಬೇಯುವ ಆಲೂಗಡ್ಡೆಯನ್ನೇ ಪಲ್ಯ ಎಂದು ಮಾಡಿ ಡಬ್ಬಿಗೆ ತುಂಬಿದ್ದೇನೆ. ಪಲ್ಯ ಮೂಲೆಗೆ ಸರಿದದ್ದು ರುಚಿಯ ಕಾರಣಕ್ಕಲ್ಲ, ಹೊತ್ತಿನ ಕಾರಣಕ್ಕೆ. ಮೂರು ವರ್ಷದ ಹಿಂದೆ ಇದನ್ನು ತಿರುಗಿಸಿಬಿಟ್ಟೆ. ನಮ್ಮ ಓಣಿಯಲ್ಲಿ ಇಬ್ಬರು ತಾಯಂದಿರು ರೊಟ್ಟಿ ಮಾಡಿ ಮಾರುತ್ತಾರೆ. ವಾರಕ್ಕೆ ನಾಲ್ಕು ದಿನ ಅವರಿಂದ ಖಡಕ್ ರೊಟ್ಟಿ ತರುತ್ತೇನೆ, ಉಳಿದ ಹೊತ್ತನ್ನು ಕಾಳಿಗೂ ಸೊಪ್ಪಿಗೂ ಕೊಡುತ್ತೇನೆ. ಅತ್ತೆಯವರು "ರೊಟ್ಟಿ ಕೊಂಡು ತಿನ್ನೋ ಮನಿ ಆತು ನಮ್ಮದು" ಎಂದು ಎಂಟು ದಿನ ಮುಖ ಊದಿಸಿಕೊಂಡಿದ್ದರು. ಕೊಂಡ ರೊಟ್ಟಿಗೂ ಬಡಿದ ರೊಟ್ಟಿಗೂ ಪೋಷಣೆಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ಕೊಂಡು ತರುವ ಪಲ್ಯಕ್ಕೂ ಮನೆಯ ಪಲ್ಯಕ್ಕೂ ಇರುವ ವ್ಯತ್ಯಾಸವನ್ನು ಮಾತ್ರ ಎಣ್ಣೆಯೇ ಹೇಳುತ್ತದೆ. ಆದ್ದರಿಂದ ಕೊಳ್ಳುವುದಿದ್ದರೆ ರೊಟ್ಟಿಯನ್ನು ಕೊಳ್ಳಿ.

ಕಾಳಿನ ಕೆಲಸ ಬೆಳಿಗ್ಗೆ ಇರಲೇಬಾರದು. ಭಾನುವಾರ ರಾತ್ರಿ ಹೆಸರುಕಾಳು ಮತ್ತು ಮಡಕಿಕಾಳನ್ನು ಬೇರೆ ಬೇರೆ ನೆನೆಹಾಕುತ್ತೇನೆ. ಸೋಮವಾರ ಬೆಳಿಗ್ಗೆ ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಸಡಿಲವಾಗಿ ಗಂಟು ಕಟ್ಟಿ ನೇತು ಹಾಕಿದರೆ, ಮಂಗಳವಾರ ಮುಂಜಾನೆ ಬಟ್ಟೆಯ ಎಳೆಗಳ ನಡುವಿಂದ ಬಿಳಿ ಮೊಳಕೆ ಹೊರಗೆ ಮೂತಿ ಹಾಕಿರುತ್ತದೆ. ಬಟ್ಟೆಯಿಂದ ಬಿಡಿಸುವಾಗ ಕೆಲವು ಮುರಿಯುತ್ತವೆ, ಮುರಿಯಲಿ. ಬೇಸಿಗೆಯಲ್ಲಿ ಗಂಟನ್ನು ದಿನಕ್ಕೆರಡು ಸಲ ತೊಳೆಯದಿದ್ದರೆ ಲೋಳೆಯಾಗಿ ಹುಳಿವಾಸನೆ ಬರುತ್ತದೆ, ಅಂಥ ಕಾಳನ್ನು ಚೆಲ್ಲಲೇಬೇಕು. ವಿಜಯಪುರದ ಬಿಸಿಲಿಗೆ ಒಂದು ಹಗಲೇ ಸಾಕಾದೀತು, ಚಳಿಗಾಲದ ಬೆಳಗಾವಿಯಲ್ಲಿ ಎರಡು ದಿನ ಹಿಡಿಯುತ್ತದೆ. ಮೊಳಕೆ ಬಂದದ್ದನ್ನು ಫ್ರಿಜ್ಜಿನಲ್ಲಿಟ್ಟರೆ ಮೂರು ದಿನ ಚಿಂತೆಯಿಲ್ಲ. ಒಗ್ಗರಣೆ ಹಾಕಿ ಹತ್ತು ನಿಮಿಷ ಬೇಯಿಸಿದರೆ ಡಬ್ಬಿ ತುಂಬುತ್ತದೆ. ಕಾಳು ಇಲ್ಲದ ದಿನಕ್ಕೆ ಝುಣಕ ಇದ್ದೇ ಇದೆ, ಕಡಲೆಹಿಟ್ಟೂ ಕಾಳೇ ಅಲ್ಲವೇ?

ಇನ್ನೊಂದು ಮಾತು. ಸೊಪ್ಪು ಬಿಡಿಸುವ ಕೆಲಸ ಗಂಡಸರಿಗೂ ಬರುತ್ತದೆ. ರಾತ್ರಿ ಟಿವಿ ನೋಡುತ್ತ ಎರಡು ಸೂಡು ಮೆಂತ್ಯೆ ಬಿಡಿಸಿಟ್ಟರೆ ಯಾರ ಮರ್ಯಾದೆಯೂ ಹೋಗುವುದಿಲ್ಲ.

ಉತ್ತರ 3: ಹೊಲದ ಬದು, ಇಂಡಿ ತಾಲೂಕು

ಗುಮ್ಮಟದವರೇ, ಇಷ್ಟೆಲ್ಲ ತೂಕ ಅಳತೆ ಬೇಕೇ ಎಂದು ನನಗೆ ಅನ್ನಿಸುತ್ತದೆ. ನಮ್ಮ ಹಿರಿಯರು ರೊಟ್ಟಿ, ಖಾರ, ಉಳ್ಳಾಗಡ್ಡಿ ತಿಂದೇ ಮಳೆಗಾಲ ಬೇಸಿಗೆ ಎನ್ನದೆ ದುಡಿದರು. ಬಿ12 ಎಂಬ ಹೆಸರನ್ನೇ ಅವರು ಕೇಳಿರಲಿಲ್ಲ. ಹಿಂಗಾರಿ ಬಿಳಿಜೋಳದ ಹಿಟ್ಟಿಗೆ ಸಮನಾದದ್ದು ಬೇರೆ ಇಲ್ಲ, ಸಕ್ಕರೆ ಕಾಯಿಲೆಯವರು ಎಷ್ಟು ತಿಂದರೂ ನಡೆಯುತ್ತದೆ.

ಸೊಪ್ಪಿನ ಮಾತು ಮಾತ್ರ ನಿಜ. ಹಿಂಗಾರಿಯಲ್ಲಿ ಹೊಲಕ್ಕೆ ಹೋದರೆ ಹಕ್ಕರಕಿ ಪುಕ್ಕಟೆ ಸಿಗುತ್ತದೆ. ತೊಳೆದು, ಹಸಿಯದನ್ನೇ ರೊಟ್ಟಿಯ ಮೇಲಿಟ್ಟು, ಮೇಲೊಂದಿಷ್ಟು ಶೇಂಗಾ ಹಿಂಡಿ, ಮೊಸರು ಹಾಕಿಕೊಂಡು ಮಡಚಿ ತಿಂದರೆ ಒಲೆ ಹಚ್ಚುವ ಕೆಲಸವೇ ಇಲ್ಲ. ಇಂಡಿಯ ನಿಂಬೆಹಣ್ಣು ಊರೂರಿಗೆ ಹೋಗುತ್ತದೆ, ನಮ್ಮ ಜನ ಮಾತ್ರ ಅದನ್ನು ಉಪ್ಪಿನಕಾಯಿಗೆ ಬಿಟ್ಟು ಊಟಕ್ಕೆ ಹಿಂಡಿಕೊಳ್ಳುವುದನ್ನು ಮರೆತಿದ್ದಾರೆ.

ಉತ್ತರ 4: ಶಹಾಪುರದ ಆಹಾರ ತಜ್ಞೆ, ಬೆಳಗಾವಿ

ಹಿರಿಯರ ಬಗ್ಗೆ ಹೊಲದ ಬದು ಅವರು ಬರೆದ ಮಾತಿಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಇದನ್ನು ನನ್ನೆದುರು ಕುಳಿತವರೂ ಪ್ರತಿದಿನ ಹೇಳುತ್ತಾರೆ. ದಖ್ಖನಿನ ಜೋಳ ತಿನ್ನುವ ಬಡವರಲ್ಲಿ ಪೆಲಾಗ್ರ ಎಂಬ ಕಾಯಿಲೆ ಕಾಣಿಸಿಕೊಳ್ಳುತ್ತಿತ್ತು. ಬಿಸಿಲು ಬೀಳುವ ಕುತ್ತಿಗೆ, ಕೈಕಾಲುಗಳ ಚರ್ಮ ಕಪ್ಪಾಗಿ ಸಿಪ್ಪೆ ಏಳುವುದು, ಭೇದಿ, ಕಡೆಗೆ ಬುದ್ಧಿಭ್ರಮಣೆ ಅದರ ಲಕ್ಷಣಗಳು. ಹೈದರಾಬಾದಿನಲ್ಲಿ ಡಾ. ಸಿ. ಗೋಪಾಲನ್ ಮತ್ತು ಅವರ ಸಂಗಡಿಗರು 1960ರ ಸುಮಾರಿಗೆ ಇದನ್ನು ಅಭ್ಯಾಸ ಮಾಡಿ, ಜೋಳದಲ್ಲಿ ಲ್ಯೂಸಿನ್ ಎಂಬ ಅಮೈನೋ ಆಮ್ಲ ಅತಿಯಾಗಿರುವುದು ನಯಾಸಿನ್ ಜೀವಸತ್ವದ ಕೊರತೆಗೆ ದಾರಿಯಾಗುತ್ತದೆ ಎಂದು ವಾದಿಸಿದರು. ಆ ವಾದದ ಬಗ್ಗೆ ಮುಂದೆ ಚರ್ಚೆಗಳು ನಡೆದವು. ಆದರೆ ಜೋಳದ ಜೊತೆಗೆ ಬೇರೇನೂ ಇಲ್ಲದ ಊಟ ಆರೋಗ್ಯ ಕೆಡಿಸುತ್ತದೆ ಎಂಬುದರಲ್ಲಿ ಅನುಮಾನವಿಲ್ಲ. ಜೋಳ ಕೆಟ್ಟದ್ದು ಎಂದು ಇದರ ಅರ್ಥವಲ್ಲ. ಕಾಳು, ಶೇಂಗಾ, ಹೈನ ಜೊತೆಗಿದ್ದ ಮನೆಗಳಲ್ಲಿ ಅದೇ ಜೋಳ ಯಾರಿಗೂ ತೊಂದರೆ ಕೊಡಲಿಲ್ಲ. ಹಾಗೆಯೇ ಸಕ್ಕರೆ ಪ್ರಮಾಣ 6.1 ಇದ್ದವರು ಜೋಳವನ್ನು ಎಷ್ಟು ತಿಂದರೂ ನಡೆಯುತ್ತದೆ ಎನ್ನುವುದು ತಪ್ಪು. 5.7ರಿಂದ 6.4ರವರೆಗಿನದು ಸಕ್ಕರೆ ಕಾಯಿಲೆಯ ಹೊಸ್ತಿಲು. ಪಾಲಿಷ್ ಅಕ್ಕಿಗಿಂತ ಜೋಳ ಲೇಸು, ಆದರೂ ಅದರಲ್ಲಿರುವುದು ಬಹುಪಾಲು ಪಿಷ್ಟವೇ. ರೊಟ್ಟಿ ಎಷ್ಟೆಂದು ಎಣಿಸಲೇಬೇಕು.

ಈಗ ಬಿ12. ಇಲ್ಲಿ ನಾನು ಅಕ್ಕಾವರಂತೆ ಎಲ್ಲವೂ ನಮ್ಮ ಬುಟ್ಟಿಯಲ್ಲೇ ಇದೆ ಎಂದು ಹೇಳಲಾರೆ. ಈ ಜೀವಸತ್ವವನ್ನು ತಯಾರಿಸುವುದು ಸೂಕ್ಷ್ಮಾಣುಗಳು. ಅದು ನಮಗೆ ಸಿಗುವುದು ಪ್ರಾಣಿಜನ್ಯ ಆಹಾರದಿಂದ ಮಾತ್ರ. ಕಾಳಿಗೆ ಮೊಳಕೆ ಬರಿಸಿದರೂ, ಸೊಪ್ಪು ಎಷ್ಟು ತಿಂದರೂ, ಹಿಟ್ಟು ಹುದುಗಿಸಿದರೂ ನಂಬುವಷ್ಟು ಬಿ12 ಅದರಲ್ಲಿ ಹುಟ್ಟುವುದಿಲ್ಲ. ಮೊಟ್ಟೆ ತಿನ್ನದವರಿಗೆ ಹಾಲು, ಮೊಸರು, ಪನೀರು ಇಷ್ಟೇ ದಾರಿ. ದಿನಕ್ಕೆ 2.2 ಮೈಕ್ರೋಗ್ರಾಂ ಬೇಕೆಂದು 2020ರ ಶಿಫಾರಸು ಹೇಳುತ್ತದೆ; 300 ಮಿಲಿ ಹಾಲಿನಲ್ಲಿ ಅದರ ಅರ್ಧದ ಆಸುಪಾಸು ಸಿಗುತ್ತದೆ, ನೀರು ಹಾಲಿನ ಚಹಾದಲ್ಲಿ ಲೆಕ್ಕಕ್ಕೆ ಸಿಗುವಷ್ಟೂ ಇರುವುದಿಲ್ಲ. ನಿಮ್ಮ 148 ಖಂಡಿತವಾಗಿ ಕಡಿಮೆ, ಕಾಲಿನಲ್ಲಿ ಜುಮು ಬಂದಿದೆ ಎಂದರೆ ನರಗಳಿಗೂ ತಾಕಿರಬಹುದು. ಊಟ ಸರಿಪಡಿಸಿಕೊಂಡೆ ಎಂದು ವೈದ್ಯರು ಬರೆದ ಚಿಕಿತ್ಸೆಯನ್ನು ನಡುವೆ ಬಿಡಬೇಡಿ, ಅವರು ಹೇಳಿದ ಅವಧಿಗೆ ಮರುಪರೀಕ್ಷೆ ಮಾಡಿಸಿ. ಔಷಧದ ಬಿ12 ಸೂಕ್ಷ್ಮಾಣುಗಳಿಂದ ತಯಾರಾಗುವಂಥದ್ದು, ಸಸ್ಯಾಹಾರಿಗಳು ಸಂಕೋಚಪಡಬೇಕಾಗಿಲ್ಲ. ಕ್ಯಾಪ್ಸೂಲಿನ ಹೊದಿಕೆ ಪ್ರಾಣಿಮೂಲದ ಜೆಲಟಿನ್ನಿನದೇ ಎಂದು ಅಂಗಡಿಯಲ್ಲಿ ಕೇಳಿ, ಹೌದೆಂದರೆ ಬದಲಿಗೆ ಮಾತ್ರೆ ಕೊಡಬಹುದೇ ಎಂದು ವೈದ್ಯರನ್ನು ವಿಚಾರಿಸಿ. ಅದೇ ಮನೆಯ ಊಟ ಉಣ್ಣುವ ನಿಮ್ಮ ತಾಯಿಯವರಿಗೂ ಒಮ್ಮೆ ಪರೀಕ್ಷೆ ಮಾಡಿಸಬೇಕು, ವಯಸ್ಸಾದಂತೆ ಆಹಾರದಲ್ಲಿರುವ ಬಿ12 ಹೀರಿಕೊಳ್ಳುವ ಶಕ್ತಿ ಕುಗ್ಗುತ್ತದೆ. ಸಕ್ಕರೆಗೆಂದು ಮೆಟ್‌ಫಾರ್ಮಿನ್ ಮಾತ್ರೆಯನ್ನು ವರ್ಷಗಟ್ಟಲೆ ತೆಗೆದುಕೊಳ್ಳುವವರಲ್ಲಿಯೂ ಇದು ಇಳಿಯುತ್ತದೆ.

ತಂಗಿಯವರ ಹಿಮೋಗ್ಲೋಬಿನ್ ವಿಚಾರಕ್ಕೆ ಬರುತ್ತೇನೆ. ಮಹಿಳೆಯರಲ್ಲಿ 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. 9.8 ಇರುವವರಿಗೆ ಕಬ್ಬಿಣದ ಮಾತ್ರೆ ಬೇಕೇ ಬೇಕು, ಊಟ ಅದಕ್ಕೆ ಬೆಂಬಲವಾಗಿ ನಿಲ್ಲುತ್ತದೆ. ತಿಂಗಳ ಸ್ರಾವ ಹೆಚ್ಚಿದೆಯೇ ಎಂದೂ ವೈದ್ಯರು ಕೇಳಬೇಕಿತ್ತು. ಕೇಳಿರದಿದ್ದರೆ ಮುಂದಿನ ಸಲ ನೀವೇ ಹೇಳಿ. ಮಹಿಳೆಯರಿಗೆ ದಿನಕ್ಕೆ 29 ಮಿಲಿಗ್ರಾಂ ಕಬ್ಬಿಣಾಂಶ ಬೇಕೆಂದು ಲೆಕ್ಕ ಹಾಕಿರುವುದು ನಮ್ಮ ಸಸ್ಯಮೂಲದ ಊಟದಲ್ಲಿ ಅದರ ಸ್ವಲ್ಪ ಪಾಲು ಮಾತ್ರ ರಕ್ತಕ್ಕೆ ಸೇರುತ್ತದೆ ಎಂಬ ಕಾರಣದಿಂದ. ಜೋಳದಲ್ಲಿ ನೂರು ಗ್ರಾಮಿಗೆ ಸುಮಾರು 4 ಮಿಲಿಗ್ರಾಂ, ಸಜ್ಜೆಯಲ್ಲಿ 6ಕ್ಕಿಂತ ಹೆಚ್ಚು, ಹುರುಳಿಯಲ್ಲಿ 8ಕ್ಕಿಂತ ಹೆಚ್ಚು ಇದೆ. ಚಳಿಗಾಲದಲ್ಲಿ ವಾರಕ್ಕೆರಡು ದಿನ ಸಜ್ಜಿ ರೊಟ್ಟಿ ಮಾಡಿದರೆ ಒಳ್ಳೆಯದು. ಆದರೆ ಎಷ್ಟು ತಿಂದಿರಿ ಎಂಬುದಕ್ಕಿಂತ ಎಷ್ಟು ದಕ್ಕಿತು ಎಂಬುದು ಇಲ್ಲಿ ಮುಖ್ಯ. ಊಟದಲ್ಲಿ ಸಿ ಜೀವಸತ್ವ ಇದ್ದರೆ ಕಬ್ಬಿಣಾಂಶ ಹೆಚ್ಚು ದಕ್ಕುತ್ತದೆ, ಊಟದೊಡನೆ ಚಹಾ ಕುಡಿದರೆ ಅದರ ಟ್ಯಾನಿನ್ ದಕ್ಕುವುದನ್ನೂ ತಡೆಯುತ್ತದೆ. ಇಂಡಿಯವರು ಹೇಳಿದ ನಿಂಬೆಹಣ್ಣು ಇಲ್ಲಿಯೇ ಕೆಲಸಕ್ಕೆ ಬರುವುದು: ಬೆಂದ ಕಾಳುಪಲ್ಯವನ್ನು ಒಲೆಯಿಂದ ಇಳಿಸಿದ ಮೇಲೆ, ತಿನ್ನುವ ಹೊತ್ತಿಗೆ ಅರ್ಧ ಹೋಳು ಹಿಂಡಿಕೊಳ್ಳಿ. ಕುದಿಸಿದರೆ ಸಿ ಜೀವಸತ್ವ ನಷ್ಟವಾಗುತ್ತದೆ. ಅವಲಕ್ಕಿ ತಿನ್ನುತ್ತಲೇ ಚಹಾ ಹೀರುವ ನಮ್ಮ ರೂಢಿಯನ್ನು ಬಿಟ್ಟು, ಚಹಾವನ್ನು ಒಂದು ಗಂಟೆ ಆಚೆಗೆ ತಳ್ಳಿ. ಕಾಸು ಖರ್ಚಿಲ್ಲದ ಬದಲಾವಣೆ ಇದು, ಆದರೂ ನನ್ನ ಮಾತನ್ನು ಜನ ಅತಿ ಕಡಿಮೆ ಕೇಳುವುದು ಇದೊಂದರಲ್ಲೇ.

ಬೆಲ್ಲದಲ್ಲಿ ಕಬ್ಬಿಣಾಂಶವಿದೆ ಎಂದು ಗೋಕಾಕ ಕರದಂಟನ್ನು ಔಷಧದಂತೆ ದಿನಾ ತಿನ್ನುವವರೂ ಇದ್ದಾರೆ. ಕರದಂಟು ಚೆನ್ನಾಗಿರುತ್ತದೆ, ನನಗೂ ಇಷ್ಟ. ಆದರೆ 6.1 ಇರುವ ಮನೆಗೆ ಅದು ಹಬ್ಬಕ್ಕೆ ಬಂದು ಹೋಗಲಿ.

ಉತ್ತರ 5: ಹಾಸ್ಟೆಲ್ ಖೋಲಿ, ಬೆಳಗಾವಿ

ಕಾಕಾ, ನಾನೂ ಇಲ್ಲಿಯೇ ಹಾಸ್ಟೆಲಿನಲ್ಲಿದ್ದು ಪದವಿ ಓದುತ್ತಿರುವವಳು, ಊರು ಮುಧೋಳ. ನಿಮ್ಮ ಮಗಳ ಬಗ್ಗೆ ಯಾರೂ ಬರೆಯಲಿಲ್ಲವೆಂದು ಬರೆಯುತ್ತಿದ್ದೇನೆ. ಮೆಸ್ಸಿನ ಸಾರಿನಲ್ಲಿ ಬೇಳೆ ಹುಡುಕುವುದು ನಮಗೆ ಆಟವಾಗಿದೆ, ಅದನ್ನು ನೀವು ಬದಲಿಸಲಾರಿರಿ. ಒಲೆಯಿಲ್ಲದೆ ನಡೆಯುವಂಥದ್ದನ್ನು ಕಳಿಸಿಕೊಡಿ. ನಮ್ಮವ್ವ ತಿಂಗಳಿಗೊಮ್ಮೆ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿ ಎಂದು ಮೂರು ಡಬ್ಬಿ, ಒಂದು ಕಿಲೋ ಪುಟಾಣಿ (ಹುರಿಗಡಲೆ), ಒಂದು ಕಿಲೋ ಹುರಿದ ಶೇಂಗಾ ಕಳಿಸುತ್ತಾಳೆ. ಮೆಸ್ಸಿನ ಚಪಾತಿಗೆ ಹಿಂಡಿ ಮತ್ತು ಹೊರಗಿನಿಂದ ತಂದ ಮೊಸರು ಕಲಸಿಕೊಂಡರೆ ಆ ದಿನ ಪಲ್ಯದ ಗೊಡವೆ ಇರುವುದಿಲ್ಲ. ಹೆಸರುಕಾಳನ್ನು ಖೋಲಿಯ ಕಿಟಕಿಯಲ್ಲಿಯೇ ಮೊಳಕೆ ಬರಿಸಿ, ಬಿಸಿನೀರಿನಲ್ಲಿ ಎರಡು ನಿಮಿಷ ಹಾಕಿ ತೆಗೆದು, ಉಳ್ಳಾಗಡ್ಡಿ ಲಿಂಬಿಹುಳಿ ಸೇರಿಸಿ ತಿನ್ನುತ್ತೇವೆ. ಹಿಂಡಿಗೆ ಉಪ್ಪು ಕಡಿಮೆ ಹಾಕಲು ಹೇಳಿ, ಏಕೆಂದರೆ ಹಾಸ್ಟೆಲಿನಲ್ಲಿ ಅದನ್ನು ಚಮಚದಿಂದಲ್ಲ, ಕೈಯಿಂದ ಹಾಕಿಕೊಳ್ಳುತ್ತೇವೆ.

ಉತ್ತರ 6: ನಿವೃತ್ತ ಶಿಕ್ಷಕಿ, ನವನಗರ, ಬಾಗಲಕೋಟೆ

ಗೋಕಾಕದ ತಂಗಿ ಹೇಳಿದ್ದನ್ನು ಒಪ್ಪುತ್ತೇನೆ. ರೊಟ್ಟಿ ಕೊಳ್ಳುವುದು ನನ್ನ ತಲೆಗೆ ಹೊಳೆದಿರಲಿಲ್ಲ, ಬಹುಶಃ ಹೊಳೆಯಗೊಟ್ಟಿರಲಿಲ್ಲ. ಬಿ12 ಬಗ್ಗೆ ಶಹಾಪುರದವರ ತಿದ್ದುಪಡಿಯೂ ಸರಿಯಾಗಿದೆ.

ತಾಯಿಯವರ ಊಟವನ್ನು ನಾನು ಬಿಟ್ಟಿದ್ದೆ. ಹಲ್ಲಿಲ್ಲದವರು ಕಾಳುಪಲ್ಯವನ್ನೂ ಖಡಕ್ ರೊಟ್ಟಿಯನ್ನೂ ಬದಿಗೆ ಸರಿಸಿ ಅನ್ನ ಮಜ್ಜಿಗೆಯಲ್ಲಿ ಮುಗಿಸುತ್ತಾರೆ, ಮನೆಯವರು ಅದನ್ನು ಹಸಿವಿಲ್ಲ ಎಂದುಕೊಳ್ಳುತ್ತಾರೆ. ಅವರಿಗೆ ಜೋಳದ ನುಚ್ಚಿನಲ್ಲಿಯೇ ಹೆಸರುಬೇಳೆ ಸೇರಿಸಿ ಮೆತ್ತಗೆ ಬೇಯಿಸಿ, ಮೇಲೆ ಮೊಸರು ಹಾಕಿ ಕೊಡಿ. ಪುಂಡಿಪಲ್ಯಕ್ಕೆ ತೊಗರಿಬೇಳೆ ಹಾಕಿ ಕಡೆದರೆ ಅದನ್ನೂ ಉಣ್ಣುತ್ತಾರೆ. ಎಲುಬಿನ ಸುಣ್ಣಾಂಶಕ್ಕೆ ದಿನಕ್ಕೆರಡು ಚಮಚ ಎಳ್ಳನ್ನು ಹುರಿದು ಪುಡಿ ಮಾಡಿ ಬೆರೆಸಿ. ಇಡಿಯಾಗಿ ಹಾಕಿದರೆ ಅಗಿಯದೆ ಹಾಗೆಯೇ ಹೋಗುತ್ತದೆ.

ಉತ್ತರ 7: ಗುಮ್ಮಟದ ನೆರಳು, ವಿಜಯಪುರ

ಮೂರು ವಾರದ ನಂತರ ಬರೆಯುತ್ತಿದ್ದೇನೆ. ತಡವಾದುದಕ್ಕೆ ಕ್ಷಮೆಯಿರಲಿ.

ಗೋಕಾಕದ ಅಕ್ಕಾವರ ಅಂದಾಜು ತಪ್ಪಿತ್ತು. ಹೆಂಡತಿ ಏಳುತ್ತಿದ್ದುದು ಐದಕ್ಕಲ್ಲ, ನಾಲ್ಕೂ ಮುಕ್ಕಾಲಿಗೆ, ಮತ್ತು ಬಡಿಯುತ್ತಿದ್ದುದು ಹದಿನೆಂಟು ರೊಟ್ಟಿ. ನಿಮ್ಮ ಉತ್ತರವನ್ನು ಓದಿ ಹೇಳಿದಾಗ ಅವಳು ಏನನ್ನೂ ಮಾತನಾಡಲಿಲ್ಲ, ಮರುದಿನ ಸಂಜೆ ರೊಟ್ಟಿ ಮಾರುವವರ ಮನೆ ಎಲ್ಲಿದೆ ಎಂದು ತಾನೇ ಕೇಳಿಕೊಂಡು ಬಂದಳು. ಈಗ ವಾರದಲ್ಲಿ ಮೂರು ದಿನ ರೊಟ್ಟಿ ಹೊರಗಿನಿಂದ ಬರುತ್ತದೆ. ತಾಯಿ ಅದನ್ನು ಮುಟ್ಟುವುದಿಲ್ಲ, ನುಚ್ಚನ್ನು ಮಾತ್ರ ಒಪ್ಪಿಕೊಂಡಿದ್ದಾರೆ. ಆದರೆ ಕಾಳಿನ ಗಂಟನ್ನು ಅವರೇ ವಹಿಸಿಕೊಂಡರು. ಅಡುಗೆಮನೆಯ ಬಾಗಿಲ ಹಿಂದಿನ ಗೂಟಕ್ಕೆ ತಮ್ಮ ಹಳೆಯ ಇಳಕಲ್ ಸೀರೆಯ ತುಂಡಿನಲ್ಲಿ ಕಟ್ಟಿ ತೂಗುಹಾಕಿ, ಹೋಗುತ್ತ ಬರುತ್ತ ನೀರು ಚಿಮುಕಿಸುತ್ತಿರುತ್ತಾರೆ. ನಾನು ಗಂಟನ್ನು ಬಿಚ್ಚಿ ನೋಡಲು ಹೋದರೆ ಗದರಿಸುತ್ತಾರೆ.

ಡಬ್ಬಿಯಲ್ಲಿ ಎರಡು ರೊಟ್ಟಿ, ಒಂದು ಪೂರ್ತಿ ವಾಟಿ ಕಾಳುಪಲ್ಯ, ಬೇರೆ ಡಬ್ಬಿಯಲ್ಲಿ ಮೊಸರು, ಸವತಿಕಾಯಿ ಅಥವಾ ಗಜ್ಜರಿ ಇರುತ್ತದೆ. ತರಕಾರಿ 400 ಗ್ರಾಂ ಇನ್ನೂ ಮುಟ್ಟಿಲ್ಲ, ತೂಗಿ ನೋಡಿದಾಗ 260ರಲ್ಲಿ ನಿಂತಿತು. ಮೆಂತ್ಯೆ ಬಿಡಿಸುವ ಕೆಲಸ ನನಗೆ ಬಂದಿದೆ. ದಂಟು ಹೆಚ್ಚು ಬಿಡುತ್ತೇನೆಂದು ನನ್ನ ಮೇಲೆ ದೂರು ಇದೆ. ಮಗ ಹುರುಳಿಯನ್ನು ಮುಟ್ಟುವುದಿಲ್ಲ, ಝುಣಕವಾದರೆ ಎರಡು ಸಲ ಹಾಕಿಸಿಕೊಳ್ಳುತ್ತಾನೆ, ಹೀಗಾಗಿ ಹುರುಳಿಯ ವಿಷಯದಲ್ಲಿ ಜಗಳ ಬಿಟ್ಟಿದ್ದೇವೆ. ಮಾತ್ರೆಗಳು ನಡೆದಿವೆ, ಮರುಪರೀಕ್ಷೆಗೆ ಇನ್ನೂ ಎರಡು ತಿಂಗಳಿದೆ. ಕಾಲಿನ ಜುಮು ರಾತ್ರಿ ಮಾತ್ರ ಉಳಿದಿದೆ. ಮಗಳಿಗೆ ಹಿಂಡಿಯ ಡಬ್ಬಿಗಳು ಹೋಗಿವೆ, ಉಪ್ಪು ಕಡಿಮೆಯಾಗಿದೆ ಎಂದು ಅವಳಿಂದ ಫೋನೂ ಬಂದಿದೆ.

ಎಣ್ಣೆಯ ಕ್ಯಾನಿನ ಮೇಲೆ ಒಂದನೆಯ ತಾರೀಖಿಗೆ ಪೆನ್ನಿನಿಂದ ಗುರುತು ಹಾಕಿಟ್ಟಿದ್ದೆ. ಇಂದು ಇಪ್ಪತ್ತೆರಡು. ಐದು ಲೀಟರಿನ ಕ್ಯಾನಿನಲ್ಲಿ ಇನ್ನೂ ಒಂದೂವರೆ ಲೀಟರು ಉಳಿದಿದೆ, ನಡುವೆ ಒಂದು ಭಾನುವಾರ ಮಿರ್ಚಿ ಭಜಿಯನ್ನು ಮನೆಯಲ್ಲೇ ಮಾಡಿದ್ದೂ ಇದರಲ್ಲಿ ಸೇರಿದೆ.